ಇಂಗ್ಲಿಷ್ ಪದ ಕಲಿಯಲು ಜಾಬ್ಸ್ ಭಾಷಣವೋ, ಮೆಕ್‌ರೇವನ್ ಭಾಷಣವೋ?

ಛಲದ ಭಾಷಣ ಕೇಳುತ್ತಲೇ ಇಂಗ್ಲಿಷ್ ಪದ ಕಲಿಯಬೇಕೆಂದಿದ್ದರೆ ಆ್ಯಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ಅವರಿಂದಲೇ ಶುರು ಮಾಡಿ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಮಾತಾಡಿದ್ದು ಸುಮಾರು 15 ನಿಮಿಷ, ಹೇಳಿದ್ದು ಮೂರೇ ಕಥೆ. ವಾಕ್ಯಗಳು ಚಿಕ್ಕವು, ಬರೆದದ್ದನ್ನು ಓದಿದ್ದರಿಂದ ಉಚ್ಚಾರವೂ ಸ್ಪಷ್ಟ. ಮೊದಲ ಕಥೆಯಲ್ಲೇ 'ಡ್ರಾಪ್ ಔಟ್', 'ಡ್ರಾಪ್ ಇನ್' ಎರಡೂ ಸಿಗುತ್ತವೆ. ರೀಡ್ ಕಾಲೇಜಿನ ಓದನ್ನು ಆರೇ ತಿಂಗಳಲ್ಲಿ ಬಿಟ್ಟದ್ದು ಮೊದಲನೆಯದು. ಆಮೇಲೂ ಅಲ್ಲೇ ಉಳಿದು, ಇಷ್ಟವಾದ ತರಗತಿಗೆ ಹೋಗಿ ಕೂರುತ್ತಿದ್ದದ್ದು ಎರಡನೆಯದು. ಒಂದು ಪುಟ್ಟ ಪದ ಬದಲಾದರೆ ಅರ್ಥ ಹೇಗೆ ತಿರುಗುತ್ತದೆಂದು ಯಾವ ಪದಪಟ್ಟಿಯೂ ಇಷ್ಟು ಚೆನ್ನಾಗಿ ಕಲಿಸದು.

ವಿಲಿಯಂ ಮೆಕ್‌ರೇವನ್ ಅಮೆರಿಕದ ನೌಕಾಪಡೆಯ ನಿವೃತ್ತ ಅಡ್ಮಿರಲ್. 2014ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅವರು ಹೇಳಿದ್ದು ಸೇನಾ ತರಬೇತಿಯಲ್ಲಿ ಕಲಿತ ಹತ್ತು ಪಾಠ. ಹಾಸಿಗೆ ಸರಿಮಾಡುವ ಭಾಗದ ದಿಂಬು, ಹೊದಿಕೆ, ಮಡಚುವುದು ಎಲ್ಲ ದಿನಬಳಕೆಯ ಪದಗಳೇ. ಆದರೆ 'ಶುಗರ್ ಕುಕಿ' ಅಂದರೆ ಅಲ್ಲಿ ಬಿಸ್ಕತ್ತಲ್ಲ, ಒದ್ದೆ ಬಟ್ಟೆಯಲ್ಲೇ ಮರಳಲ್ಲಿ ಹೊರಳುವ ಶಿಕ್ಷೆ! ಇಂಥ ಸೇನೆಯ ಮಾತು ಹೊಸಬರನ್ನು ಕಂಗೆಡಿಸುತ್ತದೆ, ಕಿವಿ ಪಳಗಿದವರಿಗೆ ಹಬ್ಬ.

ಯಾವುದಾದರೂ ಸರಿ, ಒಮ್ಮೆಗೆ ಎರಡೇ ನಿಮಿಷ ಕೇಳಿ, ಹೊಸ ಪದ ಬರೆದುಕೊಂಡು ಅದೇ ತುಣುಕನ್ನು ಮತ್ತೆ ಕೇಳಿ.