ಪ್ರೀತಿಗೆ ಅಡ್ಡ ನಿಂತವರು ಯಾರು? ನಾಲ್ಕು ಕ್ವಿಯರ್ ಕಾದಂಬರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ

ಕ್ವಿಯರ್ (ಗಂಡು ಹೆಣ್ಣಿನ ರೂಢಿಯ ಚೌಕಟ್ಟಿಗೆ ಸೇರದ ಪ್ರೀತಿಯ, ಲಿಂಗ ಗುರುತಿನ) ಪಾತ್ರಗಳಿರುವ ಒಳ್ಳೆಯ ಫ್ಯಾಂಟಸಿ ಅಥವಾ ರೊಮ್ಯಾನ್ಸ್ ಯಾವುದು ಅಂತ ಹುಡುಕಿದರೆ ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಆ ಪಟ್ಟಿಗಳಲ್ಲಿ ಎಲ್ಲ ಪುಸ್ತಕವೂ ಅದ್ಭುತ, ಎಲ್ಲದಕ್ಕೂ ಐದು ಸ್ಟಾರ್. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಎಲ್ಲರೂ ಹೆಸರು ಹೇಳುವ ನಾಲ್ಕನ್ನು ಒಂದರ ಹಿಂದೆ ಒಂದು ಓದಿದೆ. ಎರಡು ದೊಡ್ಡ ಫ್ಯಾಂಟಸಿ, ಒಂದು ಪಕ್ಕಾ ರೊಮ್ಯಾನ್ಸ್, ಇನ್ನೊಂದು ಎರಡಕ್ಕೂ ಸೇರುವಂಥದ್ದು. ಕೆಲವು ಕಡೆ ಕಥೆಯ ಗುಟ್ಟು ಹೊರಬೀಳುತ್ತದೆ, ಬೇಡ ಎನ್ನುವವರು ಇಲ್ಲೇ ನಿಲ್ಲಿಸಿ.

ಪುಸ್ತಕದಲ್ಲಿ ಎಷ್ಟು ಜನ ಗೇ, ಎಷ್ಟು ಜನ ಲೆಸ್ಬಿಯನ್ ಅಂತ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಹ್ಯಾರಿ ಪಾಟರ್ ನೋಡಿ. ಏಳೂ ಪುಸ್ತಕ ಹೊರಬಂದ ಮೇಲೆ, 2007ರ ಅಕ್ಟೋಬರ್‌ನಲ್ಲಿ, ಮಾಂತ್ರಿಕ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಗೇ ಎಂದು ಲೇಖಕಿ ವೇದಿಕೆಯ ಮೇಲೆ ಹೇಳಿದರು. ಪುಸ್ತಕದ ಒಳಗೆ ಅದನ್ನು ಬಾಯಿಬಿಟ್ಟು ಹೇಳುವ ಒಂದು ಸಾಲೂ ಇಲ್ಲ. ಅದನ್ನೂ ಒಂದು ಅಂತ ಲೆಕ್ಕ ಹಿಡಿಯುತ್ತೀರಾ? ನಾನು ಹಿಡಿಯುವುದಿಲ್ಲ. ಹಾಗಾಗಿ ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ: ಈ ಇಬ್ಬರ ಪ್ರೀತಿಗೆ ಅಡ್ಡ ನಿಂತಿರುವುದು ಏನು? ಆ ಅಡ್ಡಿ ಗಟ್ಟಿಯಾಗಿದ್ದರೆ ಪಾತ್ರಗಳೂ ಗಟ್ಟಿ. ಅದು ಸುಮ್ನೆ ನೆಪಕ್ಕೆ ಇದ್ದರೆ ಪ್ರೀತಿಯೂ ಅಷ್ಟಕ್ಕಷ್ಟೇ.

ಮೊದಲು ದಪ್ಪನೆಯದು. ಸಮಂತಾ ಶ್ಯಾನನ್ ಅವರ 'ದಿ ಪ್ರಯರಿ ಆಫ್ ದಿ ಆರೆಂಜ್ ಟ್ರೀ', 2019ರದು, 800 ಪುಟ ದಾಟುತ್ತದೆ. ಇನಿಸ್ ಎಂಬ ರಾಜ್ಯದ ರಾಣಿ ಸಬ್ರಾನ್. ಅವಳ ವಂಶ ಇರುವ ತನಕ ಹಳೆಯ ಘೋರ ಡ್ರ್ಯಾಗನ್ ಒಂದು ಮತ್ತೆ ಏಳುವುದಿಲ್ಲ ಎಂದು ಇಡೀ ದೇಶ ನಂಬಿದೆ. ಅಂದರೆ ಅವಳು ಮದುವೆಯಾಗಲೇಬೇಕು, ಹೆಣ್ಣುಮಗು ಹೆರಲೇಬೇಕು. ಅವಳನ್ನು ಕಾಯಲು ದೂರದಿಂದ ಬಂದಿರುವ ಈಡ್ ಮಂತ್ರವಿದ್ಯೆ ಬಲ್ಲವಳು, ಆದರೆ ಆಸ್ಥಾನದಲ್ಲಿ ರಾಣಿಯ ಸೇವಕಿಯರಲ್ಲಿ ಒಬ್ಬಳಂತೆ ನಟಿಸಿಕೊಂಡಿದ್ದಾಳೆ. ಇಬ್ಬರ ನಡುವೆ ಪ್ರೀತಿ ನಿಧಾನಕ್ಕೆ, ತುಂಬಾ ನಿಧಾನಕ್ಕೆ ಹುಟ್ಟುತ್ತದೆ.

ಈ ಲೋಕದಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅದು ತಪ್ಪು ಎನ್ನುವ ಯೋಚನೆಯೇ ಅಲ್ಲಿಲ್ಲ. ಹಾಗಾದರೆ ಅಡ್ಡಿ ಎಲ್ಲಿಂದ ಬರುತ್ತದೆ ಅಂದರೆ ವಂಶದಿಂದ, ಧರ್ಮದಿಂದ, ಮತ್ತು ಈಡ್ ಮುಚ್ಚಿಟ್ಟ ಗುಟ್ಟಿನಿಂದ. ಪ್ರಜೆಗಳಿಗೆ ಬೇಕಾಗಿರುವುದು ಸಬ್ರಾನ್ ಅಲ್ಲ, ಅವಳ ಹೊಟ್ಟೆ. ಮನೆತನ ಮುಂದುವರಿಯಬೇಕಲ್ಲ ಅನ್ನುವ ಮಾತು ಕೇಳಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದ್ವೇಷ ಇಲ್ಲದ ಲೋಕ ಕಟ್ಟಿದರೆ ಕಥೆಗೆ ಬಿಸಿ ಇರುವುದಿಲ್ಲ ಎಂದು ವಾದಿಸುವವರು ಈ ಭಾಗವನ್ನು ಓದಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಣಿಯ ಪ್ರೇಮವಲ್ಲ, ನಿಕ್ಲೇಸ್ ರೂಸ್ ಎಂಬ ಮುದುಕ. ರಸವಿದ್ಯೆಯವನು, ಸಿಡುಕ, ಸ್ವಾರ್ಥಿ, ಗಡಿಪಾರಾದವನು. ಅವನ ಪ್ರಿಯಕರ ಯಾನಾರ್ಟ್ ರೋಗ ಬಂದು ಸತ್ತು ಎಷ್ಟೋ ವರ್ಷವಾಗಿದೆ. ಯಾನಾರ್ಟ್‌ಗೆ ಮದುವೆಯಾಗಿತ್ತು, ಅದಕ್ಕೇ ಇವರ ಸಂಬಂಧ ಗುಟ್ಟಾಗಿಯೇ ಉಳಿದಿತ್ತು. ಇಬ್ಬರೂ ಗಂಡಸರು ಎಂಬುದು ಅಲ್ಲಿ ಸಮಸ್ಯೆಯೇ ಅಲ್ಲ, ಮದುವೆಯ ಆಣೆ ಮುರಿದದ್ದೇ ಸಮಸ್ಯೆ. ಫ್ಯಾಂಟಸಿಯಲ್ಲಿ ಕ್ವಿಯರ್ ಜನ ಯಾವಾಗಲೂ ಇಪ್ಪತ್ತರ ಆಸುಪಾಸಿನವರು, ಚೆಂದದ ಮುಖದವರು. ವಯಸ್ಸಾದ, ಕೆಟ್ಟ ಬಾಯಿಯ, ಇನ್ನೂ ದುಃಖದಿಂದ ಹೊರಬರದ ಗೇ ಗಂಡಸನ್ನು ಇಷ್ಟು ಪುಟಗಳ ತನಕ ಜೊತೆಗಿಟ್ಟುಕೊಂಡ ಬೇರೆ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ.

ಕೊರತೆಗಳೂ ಇವೆ. ಆರಂಭ ಎಳೆಯುತ್ತದೆ, ಹೆಸರುಗಳು ತಲೆಗೆ ಹತ್ತುವುದಿಲ್ಲ, ಕೊನೆಯ ಮಹಾಯುದ್ಧ ಮಾತ್ರ ಬಸ್ಸಿಗೆ ಹೊತ್ತಾಯ್ತು ಅನ್ನುವ ಹಾಗೆ ಓಡಿ ಮುಗಿಯುತ್ತದೆ. ಮತ್ತೆ ಆ ಅಂತ್ಯ: ಸಬ್ರಾನ್ ಹತ್ತು ವರ್ಷ ಆಳಿ ಆಮೇಲೆ ಸಿಂಹಾಸನ ಬಿಟ್ಟು ಬರುತ್ತೇನೆ ಅನ್ನುತ್ತಾಳೆ. ಫ್ಯಾಂಟಸಿ ಓದುಗರು ಇದನ್ನು ಒಪ್ಪುತ್ತಾರೆ. ರೊಮ್ಯಾನ್ಸ್ ಓದುಗರು ಪುಸ್ತಕ ಎಸೆಯುತ್ತಾರೆ.

ತಾಶಾ ಸೂರಿ ಅವರ 'ದಿ ಜಾಸ್ಮಿನ್ ಥ್ರೋನ್' (2021) ಇದಕ್ಕೆ ನೇರ ಎದುರಾಳಿ. ಇಲ್ಲೂ ಇಬ್ಬರು ಹೆಂಗಸರು, ಇಲ್ಲೂ ಒಬ್ಬಳು ರಾಜಮನೆತನದವಳು, ಇನ್ನೊಬ್ಬಳು ಸೇವಕಿಯಂತೆ ಇರುವ ಶಕ್ತಿವಂತೆ. ಆದರೆ ಲೋಕ ಬೇರೆ. ಭಾರತದ ಚರಿತ್ರೆ, ಪುರಾಣಗಳ ನೆರಳಲ್ಲಿ ಕಟ್ಟಿದ್ದು. ಪ್ರಿಯಾ, ಮಾಲಿನಿ, ಭೂಮಿಕಾ, ಚಂದ್ರ, ಆದಿತ್ಯ, ಅಶೋಕ. ಹೆಸರು ನೆನಪಿಡಲು ಕಷ್ಟಪಡಬೇಕಾಗಿಲ್ಲ, ನಮ್ಮ ಕ್ಲಾಸಿನಲ್ಲೇ ಇದ್ದವರು ಎಲ್ಲ.

ಚಂದ್ರ ಚಕ್ರವರ್ತಿ. ತಂಗಿ ಮಾಲಿನಿ ಚಿತೆ ಏರಲು ಒಪ್ಪಲಿಲ್ಲವೆಂದು ಅವಳನ್ನು ದೂರದ ಅಹಿರಣ್ಯದ ಪಾಳುಬಿದ್ದ ದೇವಸ್ಥಾನದಲ್ಲಿ ಸೆರೆಯಿಟ್ಟಿದ್ದಾನೆ. ಅಲ್ಲಿ ಅವಳಿಗೆ ವಿಷದಂಥ ಮದ್ದು ಕುಡಿಸುತ್ತಿದ್ದಾರೆ. ಕಸ ಗುಡಿಸಲು, ಸೇವೆ ಮಾಡಲು ಬರುವವಳು ಪ್ರಿಯಾ. ಅವಳು ಅದೇ ದೇವಸ್ಥಾನದಲ್ಲಿ ಬೆಳೆದ ಮಗು, ಮೈಯಲ್ಲಿ ಹಳೆಯ ಶಕ್ತಿ ಮಲಗಿದೆ. ಮಾಲಿನಿಗೆ ಹೊರಗೆ ಹೋಗಲು ಪ್ರಿಯಾ ಬೇಕು. ಪ್ರಿಯಾಳಿಗೆ ತನ್ನ ಜನರಿಗಾಗಿ ಮಾಲಿನಿ ಬೇಕು. ಇಬ್ಬರೂ ಒಬ್ಬರನ್ನೊಬ್ಬರು ಬಳಸಿಕೊಳ್ಳುತ್ತಲೇ ಪ್ರೀತಿಸುತ್ತಾರೆ. ಯಾವುದು ಎಲ್ಲಿ ನಿಂತು ಯಾವುದು ಎಲ್ಲಿ ಶುರುವಾಯಿತು ಎಂದು ಅವರಿಗೇ ಗೊತ್ತಿಲ್ಲ.

ಇಲ್ಲಿ ಸಾಮ್ರಾಜ್ಯದ ಕಣ್ಣಿಗೆ ಹೆಣ್ಣು ಹೆಣ್ಣನ್ನು ಬಯಸುವುದು ತಪ್ಪು. ಆದರೆ ಸಾಮ್ರಾಜ್ಯ ಬರುವ ಮೊದಲು ಅಹಿರಣ್ಯದಲ್ಲಿ ಆ ಕಟ್ಟು ಇರಲಿಲ್ಲ. ಗೆದ್ದವರು ತಮ್ಮ ನೀತಿಯನ್ನೂ ಜೊತೆಗೆ ಹೊತ್ತು ತಂದರು. ಸಲಿಂಗ ಕೂಟವನ್ನು ಅಪರಾಧ ಎಂದಿದ್ದ ನಮ್ಮ ಸೆಕ್ಷನ್ 377 ಕೂಡ 1860ರ ಇಂಡಿಯನ್ ಪೀನಲ್ ಕೋಡ್ ಜೊತೆ ಬ್ರಿಟಿಷರು ತಂದದ್ದೇ ಅಲ್ವಾ? ಒಪ್ಪಿ ಕೂಡುವ ವಯಸ್ಕರ ಮಟ್ಟಿಗೆ ಅದು ತೊಲಗಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಲೇಖಕಿ ಇದನ್ನೆಲ್ಲ ಭಾಷಣ ಮಾಡುವುದಿಲ್ಲ. ಕಥೆಯ ಒಳಗೇ, ಯಾರು ಯಾರನ್ನು ನೋಡಿ ಹೆದರುತ್ತಾರೆ ಎನ್ನುವುದರಲ್ಲೇ ಬಂದುಬಿಡುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮಾಲಿನಿ ಒಳ್ಳೆಯವಳಲ್ಲ ಎನ್ನುವುದು. ಸುಳ್ಳು ಹೇಳುತ್ತಾಳೆ, ಜನರನ್ನು ಪಗಡೆಕಾಯಿಯ ಹಾಗೆ ನಡೆಸುತ್ತಾಳೆ, ಅಧಿಕಾರದ ಆಸೆಯನ್ನು ಮುಚ್ಚಿಡುವುದೂ ಇಲ್ಲ. ಕ್ವಿಯರ್ ಪಾತ್ರ ಅಂದ ಕೂಡಲೇ ಅವರು ಪಾಪದವರು, ಸಹನೆಯವರು, ಓದುಗರ ಕರುಣೆಗೆ ಅರ್ಹರು ಎಂದು ತೋರಿಸುವ ಚಾಳಿ ಇದೆ. ಇಲ್ಲಿ ಕರುಣೆಯ ಮಾತೇ ಇಲ್ಲ. ಇವಳನ್ನು ಕಂಡರೆ ಭಯವಾಗುತ್ತದೆ, ಹಾಗಿದ್ದೂ ಅವಳೇ ಗೆಲ್ಲಲಿ ಅನ್ನಿಸುತ್ತದೆ. 2022ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಈ ಕಾದಂಬರಿಗೇ ಬಂತು, ಬರಬೇಕಾದದ್ದೇ.

ಕಿರಿಕಿರಿ ಅಂದರೆ ಕಥೆ ಹೇಳುವವರು ಜಾಸ್ತಿಯಾದರು. ಪ್ರಿಯಾ ಮಾಲಿನಿಯರ ಮಾತು ಕಾವೇರುತ್ತಿದ್ದ ಹಾಗೆ ಅಧ್ಯಾಯ ಮುಗಿದು ಇನ್ಯಾರೋ ಸೈನಿಕನ ಕಡೆಗೆ ಹೋಗಿಬಿಡುತ್ತದೆ. ಜೊತೆಗೆ ಇದು ಮೂರು ಭಾಗದ ಕಥೆ. ಎರಡನೆಯದು 2022ರಲ್ಲಿ, ಮೂರನೆಯದು 2024ರಲ್ಲಿ ಬಂತು. ಮೊದಲ ಭಾಗ ಓದಿ ಸುಮ್ಮನಾಗಲು ಆಗುವುದಿಲ್ಲ, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋಗಿರುತ್ತಾರೆ.

ಈಗ ರೊಮ್ಯಾನ್ಸ್. ಕೇಸಿ ಮೆಕ್‌ಕ್ವಿಸ್ಟನ್ ಬರೆದ 'ರೆಡ್, ವೈಟ್ ಅಂಡ್ ರಾಯಲ್ ಬ್ಲೂ' 2019ರಲ್ಲಿ ಬಂತು, 2023ರಲ್ಲಿ ಸಿನಿಮಾ ಕೂಡ ಆಯಿತು. ಅಮೆರಿಕದ ಮಹಿಳಾ ಅಧ್ಯಕ್ಷೆಯ ಮಗ ಅಲೆಕ್ಸ್, ಬ್ರಿಟನ್ನಿನ ರಾಜಕುಮಾರ ಹೆನ್ರಿ. ಮೊದಲು ಜಗಳ, ಅರಮನೆಯ ಮದುವೆಯಲ್ಲಿ ಕೇಕ್ ಸಮೇತ ಕೆಳಗೆ ಬೀಳುವುದು, ಮಾನ ಉಳಿಸಲು ಗೆಳೆಯರೆಂಬ ನಾಟಕ, ಆಮೇಲೆ ನಿಜವಾದ ಪ್ರೀತಿ. ಓದಲು ಮಜಾ. ಇಬ್ಬರೂ ಬರೆದುಕೊಳ್ಳುವ ಇಮೇಲ್‌ಗಳಂತೂ ಇಡೀ ಪುಸ್ತಕದ ಜೀವ.

ರೊಮ್ಯಾನ್ಸ್ ಪ್ರಕಾರಕ್ಕೆ ಒಂದು ಕರಾರು ಇದೆ: ಕೊನೆಗೆ ಇಬ್ಬರೂ ಒಂದಾಗಬೇಕು, ಓದುಗ ನೆಮ್ಮದಿಯಿಂದ ಪುಸ್ತಕ ಮುಚ್ಚಬೇಕು. ಎಷ್ಟೋ ಜನ ಇದನ್ನು ಹೀಗಳೆಯುತ್ತಾರೆ. ಅವರು ಇ. ಎಂ. ಫಾರ್ಸ್ಟರ್ ಕಥೆ ತಿಳಿದುಕೊಳ್ಳಬೇಕು. ಇಬ್ಬರು ಗಂಡಸರ ಪ್ರೀತಿಯ 'ಮಾರಿಸ್' ಕಾದಂಬರಿಯನ್ನು ಆತ 1913-14ರಲ್ಲೇ ಬರೆದರು. ಕೊನೆ ಸುಖವಾಗಿಯೇ ಇರಬೇಕು ಎಂದು ಹಟ ಹಿಡಿದರು. ಅದು ಅಚ್ಚಾಗಿದ್ದು 1971ರಲ್ಲಿ, ಅವರು ತೀರಿಕೊಂಡ ಮೇಲೆ. ಸುಖಾಂತ್ಯ ಬರೆದ ತಪ್ಪಿಗೆ ಪುಸ್ತಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿತ್ತು. ಈಗ ಅದೇ ಸುಖಾಂತ್ಯ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಗುಲಾಬಿ ಬಣ್ಣದ ಹೊದಿಕೆ ಹೊದ್ದು ಮಾರಾಟವಾಗುತ್ತಿದೆ ಅಂದರೆ ಅದು ಸಣ್ಣ ವಿಷಯವಲ್ಲ.

ಆದರೂ ಅಡ್ಡಿಯ ಪ್ರಶ್ನೆಗೆ ಬಂದರೆ ಈ ಪುಸ್ತಕ ಸ್ವಲ್ಪ ಸೋಲುತ್ತದೆ. ಮಗ ವಿಷಯ ಹೇಳಿದಾಗ ಅಧ್ಯಕ್ಷೆ ಅಮ್ಮ ಏನು ಮಾಡುತ್ತಾಳೆ ಗೊತ್ತಾ, ಪವರ್‌ಪಾಯಿಂಟ್ ತಯಾರಿಸಿ ತೋರಿಸುತ್ತಾಳೆ! ನಕ್ಕು ಸಾಕಾಯಿತು. ನಕ್ಕಾದ ಮೇಲೆ ಒಂದು ತರಹ ಹೊಟ್ಟೆಕಿಚ್ಚೂ ಆಯಿತು. ಇಲ್ಲಿರುವ ತೊಂದರೆ ಎಲ್ಲ ಚುನಾವಣೆಯದು, ಸುದ್ದಿಮಾಧ್ಯಮದ್ದು, ಸೋರಿಹೋದ ಇಮೇಲ್‌ಗಳದ್ದು. ಹೆನ್ರಿಯ ಅರಮನೆಯ ಒಳಗಿನ ಉಸಿರುಗಟ್ಟುವಿಕೆ ಒಂದೇ ನಿಜವಾಗಿ ಭಾರ ಇರುವುದು, ಅದನ್ನೂ ಬೇಗ ಬಗೆಹರಿಸಿಬಿಡುತ್ತಾರೆ.

ಕನ್ನಡದಲ್ಲಿ ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' (2013) ಓದಿದವರಿಗೆ ಇದು ಹೆಚ್ಚು ಕಾಣುತ್ತದೆ. ಅದು ಫ್ಯಾಂಟಸಿಯೂ ಅಲ್ಲ, ರೊಮ್ಯಾನ್ಸೂ ಅಲ್ಲ, ಆದ್ದರಿಂದ ಈ ಹೋಲಿಕೆಗೆ ಪೂರ್ತಿ ಸೇರುವುದಿಲ್ಲ. ಆದರೆ ಅಲ್ಲಿ ಪ್ರಿಯಕರ ಕಾರ್ತಿಕ್ ಮೋಹನಸ್ವಾಮಿಯನ್ನು ಬಿಟ್ಟು ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ, ಅಷ್ಟೇ. ಯಾವ ಪತ್ರಿಕೆಗೂ ಸುದ್ದಿ ಸೋರುವುದಿಲ್ಲ, ಯಾರೂ ಕೂಗಾಡುವುದಿಲ್ಲ. ಮದುವೆ ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ, ಮತ್ತು ಅದಕ್ಕೆ ಊರೆಲ್ಲ ಅಕ್ಷತೆ ಹಾಕುತ್ತದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಒಂದೇ ಲಿಂಗದವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಶಾಸನ ಮಾಡುವವರ ಕೆಲಸ ಎಂದಿತು. ಹೀಗಿರುವಾಗ ವೈಟ್ ಹೌಸಿನ ಪ್ರೇಮಕಥೆ ನಮಗೆ ಡ್ರ್ಯಾಗನ್ ಕಥೆಗಿಂತ ದೊಡ್ಡ ಫ್ಯಾಂಟಸಿ. ತಪ್ಪೇನಿಲ್ಲ, ಫ್ಯಾಂಟಸಿ ಬೇಕು ಅಂತಲೇ ತಾನೆ ಓದುವುದು.

ನಾಲ್ಕನೆಯದು ಟಿ. ಜೆ. ಕ್ಲೂನ್ ಅವರ 'ದಿ ಹೌಸ್ ಇನ್ ದಿ ಸೆರೂಲಿಯನ್ ಸೀ' (2020). ಲೈನಸ್ ಬೇಕರ್ ನಲವತ್ತರ ಸರ್ಕಾರಿ ನೌಕರ, ಸ್ವಲ್ಪ ಹೊಟ್ಟೆ ಬಂದಿದೆ, ಮನೆಯಲ್ಲಿ ಬೆಕ್ಕು, ಮೇಜಿನ ಮೇಲೆ ನಿಯಮದ ಪುಸ್ತಕ. ಮಾಂತ್ರಿಕ ಮಕ್ಕಳ ಅನಾಥಾಶ್ರಮವೊಂದನ್ನು ತಪಾಸಣೆ ಮಾಡಿ ವರದಿ ಕೊಡಲು ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಆರು ಮಕ್ಕಳು, ಅವರನ್ನು ನೋಡಿಕೊಳ್ಳುವ ಆರ್ಥರ್. ಇಲ್ಲಿ ಅಡ್ಡಿ ಲೈನಸ್ಸನ ಒಳಗೇ ಇದೆ, ಫೈಲು ಬಿಟ್ಟು ಬದುಕೇ ಗೊತ್ತಿಲ್ಲದವನು ಅವನು. ಪ್ರೀತಿ ಎಷ್ಟು ಮೆತ್ತಗೆ ಬರುತ್ತದೆ ಅಂದರೆ ಒಂದು ಮುತ್ತಿಗಾಗಿ ಕೊನೆಯ ತನಕ ಕಾಯಬೇಕು. ಮಕ್ಕಳು ಮುದ್ದು, ಸ್ವಲ್ಪ ಜಾಸ್ತಿಯೇ ಮುದ್ದು. ಎಲ್ಲರೂ ಬುದ್ಧಿಮಾತು ಹೇಳುತ್ತಾರೆ, ಎಲ್ಲ ಅಧ್ಯಾಯದಲ್ಲೂ. ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತು ಬೇರೆಯವರಿಗೆ ಕೊಟ್ಟ ಘಟನೆಗಳ ಬಗ್ಗೆ ಓದಿದ್ದು ಈ ಕಥೆಗೆ ಪ್ರೇರಣೆ ಎಂದು ಲೇಖಕರೇ ಹೇಳಿದ್ದರು, ಅಂಥ ನೋವನ್ನು ಇಷ್ಟು ಸಿಹಿ ಮಾಡಿದ್ದಕ್ಕೆ ಟೀಕೆಯೂ ಬಂತು. ಆ ಟೀಕೆಯಲ್ಲಿ ಹುರುಳಿದೆ ಎಂದು ನನಗೂ ಅನ್ನಿಸಿತು. ಆದರೂ ಜ್ವರ ಬಂದು ಮಲಗಿದವರಿಗೆ ಯಾವುದು ಕೊಡಲಿ ಎಂದರೆ ಇದನ್ನೇ ಕೊಡುತ್ತೇನೆ.

ನಾಲ್ಕರಲ್ಲೂ ಕಾಣೆಯಾದವರು ಯಾರು ಅಂದರೆ, ಕಥೆಯ ನಡುವೆ ನಿಲ್ಲುವ ಟ್ರಾನ್ಸ್ ಜನ, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರು. ಅಲೆಕ್ಸ್ ಕಥೆಯಲ್ಲಿ ಏಮಿ ಎಂಬ ಅಂಗರಕ್ಷಕಿ ಟ್ರಾನ್ಸ್ ಮಹಿಳೆ, ಅವಳ ಪಾತ್ರ ಮಾತ್ರ ಚಿಕ್ಕದು. ಗಂಡು ಹೆಣ್ಣು ಎಂಬ ಗೆರೆಯನ್ನೇ ಅಲುಗಾಡಿಸುವ ಪುಸ್ತಕ ಬೇಕಿದ್ದರೆ ಶೆಲ್ಲಿ ಪಾರ್ಕರ್-ಚಾನ್ ಅವರ 'ಶಿ ಹೂ ಬಿಕೇಮ್ ದಿ ಸನ್' (2021) ಹಿಡಿಯಿರಿ. ಹದಿನಾಲ್ಕನೇ ಶತಮಾನದ ಚೀನಾ, ಬರಗಾಲ, ಸತ್ತ ಅಣ್ಣನ ಹೆಸರನ್ನೂ ಹಣೆಬರಹವನ್ನೂ ತನ್ನದಾಗಿ ಮಾಡಿಕೊಳ್ಳುವ ಹುಡುಗಿ. ಅದು ಈ ನಾಲ್ಕರ ಜೊತೆ ತೂಗುವ ಪುಸ್ತಕವಲ್ಲ, ಅದರದ್ದೇ ಬೇರೆ ಖಾರ. ಬೃಹನ್ನಳೆ, ಶಿಖಂಡಿಯರ ಕಥೆ ಕೇಳಿ ಬೆಳೆದ, ಯಕ್ಷಗಾನದಲ್ಲಿ ಗಂಡಸರ ಸ್ತ್ರೀವೇಷ ನೋಡುತ್ತಾ ರಾತ್ರಿ ಕಳೆದ ನಮಗೆ ಇಂಥ ಕಥೆ ಪರಕೀಯ ಅನ್ನಿಸುವುದೇ ಇಲ್ಲ. ಕನ್ನಡದ ಫ್ಯಾಂಟಸಿ ಬರೆಯುವವರು ಯಾರಾದರೂ ಇದ್ದರೆ, ಸರಕು ಮನೆಯಲ್ಲೇ ಬಿದ್ದಿದೆ ಸ್ವಾಮಿ.

ಒಂದೇ ಒಂದು ಆರಿಸಿ ಅಂದರೆ ನನ್ನ ಮತ ಜಾಸ್ಮಿನ್ ಥ್ರೋನ್‌ಗೆ, ಯೋಚನೆಯೇ ಬೇಡ. ಪ್ರಯರಿ ಎರಡನೆಯದು, ಅದೂ ಮುಖ್ಯವಾಗಿ ಆ ಮುದುಕನಿಗಾಗಿ. ಇಂಗ್ಲಿಷ್ ಕಾದಂಬರಿ ಅಭ್ಯಾಸ ಇಲ್ಲದವರು ಮಾತ್ರ ಈ ಕ್ರಮ ಬಿಟ್ಟು ಲೈನಸ್ಸನಿಂದ ಶುರು ಮಾಡಿ, ಭಾಷೆ ಸಲೀಸು. ಅಲೆಕ್ಸ್ ಕಥೆಯಲ್ಲಿ ಅಮೆರಿಕದ ಚುನಾವಣೆಯ ಮಾತು ಜಾಸ್ತಿ, ಅದನ್ನು ಹಾರಿಸಿ ಓದಿದರೂ ನಡೆಯುತ್ತದೆ. ಪ್ರಯರಿ ಕೊಳ್ಳುವವರಿಗೆ ಇನ್ನೊಂದು ಮಾತು: ಮಲಗಿ ಓದುವವರಾದರೆ ಕಿಂಡಲ್ ಮೇಲು, ಅಷ್ಟು ತೂಕ ಎದೆಯ ಮೇಲೆ ಬೇಡ. ಆದರೆ ಪಾತ್ರಗಳ ಪಟ್ಟಿ ಹಿಂದಿನ ಪುಟಗಳಲ್ಲಿದೆ, ಅದನ್ನು ಪದೇ ಪದೇ ತಿರುವಿ ನೋಡಲು ಕಾಗದದ ಪುಸ್ತಕವೇ ಬೇಕು. ಎರಡರಲ್ಲಿ ಯಾವ ಕಷ್ಟ ಬೇಕೋ ನೀವೇ ನೋಡಿಕೊಳ್ಳಿ.