ಹಾಸನದ ಸಂವಿಧಾನ ಶಿಬಿರ: ಕರಪತ್ರ ನಂಬಬೇಡಿ, ಮಧ್ಯಾಹ್ನದ ಪಾಠ ಬಿಡಬೇಡಿ

ಹಾಸನದ ಬಿ.ಎಂ. ರಸ್ತೆ ಕಡೆ ಭಾನುವಾರ ನಡೆದ ಸಂವಿಧಾನ ಸುಧಾರಣೆ ಶಿಬಿರ ಹೇಗಿತ್ತು ಅಂತ ಕೆಲವರು ಕೇಳಿದ್ದೀರಿ. ಶುಲ್ಕ 500 ರೂಪಾಯಿ, ಊಟ ಸೇರಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು.

ಮೊದಲು ತಕರಾರು. ‘ಜನರೇ ಸಂವಿಧಾನ ತಿದ್ದುವುದು ಹೇಗೆ’ ಅಂತ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ನಮ್ಮಲ್ಲಿ ಜನ ನೇರವಾಗಿ ತಿದ್ದುವ ದಾರಿಯೇ ಇಲ್ಲ. 368ನೇ ವಿಧಿ ಪ್ರಕಾರ ಮಸೂದೆ ಬರಬೇಕಾದ್ದು ಸಂಸತ್ತಿನಲ್ಲಿ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಬೇಕು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಹೂಂ ಅನ್ನಬೇಕು. ಇದನ್ನು ಬೆಳಗ್ಗೆಯೇ ಹೇಳಬೇಕಿತ್ತು. ಹೇಳಿದ್ದು ಸಂಜೆ, ಅದೂ ಹಿಂದೆ ಕೂತಿದ್ದ ಯಾರೋ ಕೆದಕಿದ ಮೇಲೆ.

ಬೆಳಗ್ಗೆಯೆಲ್ಲ ಹೊರದೇಶದ ಕಥೆ. ಸ್ವಿಟ್ಜರ್ಲೆಂಡಿನಲ್ಲಿ 18 ತಿಂಗಳಲ್ಲಿ 1 ಲಕ್ಷ ಸಹಿ ಕೂಡಿಸಿದರೆ ಸಂವಿಧಾನದ ತಿದ್ದುಪಡಿಯನ್ನು ಜನರ ಮತಕ್ಕೆ ಹಾಕಿಸಬಹುದು. ಐರ್ಲೆಂಡಿನಲ್ಲಿ 99 ಜನ ಸಾಮಾನ್ಯರನ್ನು ಆರಿಸಿ ಕೂರಿಸಿದರು, ಗರ್ಭಪಾತದ ಬಗ್ಗೆ ಅವರು ಚರ್ಚಿಸಿ ಹೇಳಿದ್ದರ ಮೇಲೆ 2018ರಲ್ಲಿ ದೇಶವೇ ಮತ ಹಾಕಿತು. ಚೆನ್ನಾಗಿ ಹೇಳಿದರು, ಇಲ್ಲ ಅನ್ನಲ್ಲ. ಆದರೆ ಐಸ್‌ಲ್ಯಾಂಡಿನ ಜನ 2012ರಲ್ಲಿ ಒಪ್ಪಿದ ಹೊಸ ಸಂವಿಧಾನದ ಕರಡನ್ನು ಅಲ್ಲಿನ ಸಂಸತ್ತು ಪಾಸು ಮಾಡಲೇ ಇಲ್ಲ ಅನ್ನುವುದನ್ನು ಬಿಟ್ಟರು. ಚಿಲಿಯಲ್ಲಿ 2022ರಲ್ಲೂ 2023ರಲ್ಲೂ ಹೊಸ ಸಂವಿಧಾನವನ್ನು ಜನರೇ ಬೇಡ ಅಂದರು, ಅದರ ಸುದ್ದಿಯೇ ಇಲ್ಲ. ನನಗೆ ಬೇಕಿದ್ದದ್ದು ಅದು. ಎಲ್ಲಿ ಎಡವಿದರು ಅಂತ ಗೊತ್ತಾಗಬೇಕಲ್ವಾ?

ಕಾಫಿ ನೀರು ನೀರು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಅಂಥದ್ದು ಕೊಡುವುದಕ್ಕೂ ಧೈರ್ಯ ಬೇಕು. ಊಟದ ಮುದ್ದೆ, ಹುರುಳಿ ಸಾರಿಗೆ ಪೂರ್ತಿ ಅಂಕ.

ಮಧ್ಯಾಹ್ನ ಶಿಬಿರ ಬೇರೆಯದೇ ಆಯಿತು. ಒಂದೊಂದು ಟೇಬಲ್ ಒಂದೊಂದು ತಿದ್ದುಪಡಿಯ ಕರಡು ಬರೆಯಬೇಕು. ನಮ್ಮ ಟೇಬಲ್ ಪಕ್ಷಾಂತರ ಹಿಡಿಯಿತು. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಚುನಾವಣೆಗೆ ನಿಲ್ಲಬಾರದು ಅಂದಿದ್ದರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ, ನಿಲ್ಲಬಾರದು ಅನ್ನುವುದು ಸರಿಯಲ್ಲ ಅಂತು. ಉಪಚುನಾವಣೆಗೆ ನಿಂತವರಲ್ಲಿ ಹೆಚ್ಚಿನವರು ಗೆದ್ದೂ ಬಂದರು. ಹಾಗಾಗಿ ನಮ್ಮ ಕರಡು ಸಣ್ಣದು: ಅನರ್ಹರಾದವರು ಆ ಅವಧಿ ಮುಗಿಯುವ ತನಕ ನಿಲ್ಲುವಂತಿಲ್ಲ ಅಂತ ಸಂವಿಧಾನದಲ್ಲಿ ಪಕ್ಷಾಂತರ ತಡೆಯುವ ನಿಯಮಗಳಿರುವ 10ನೇ ಅನುಸೂಚಿಯಲ್ಲೇ ಬರೆಯಬೇಕು. ತರಬೇತಿಯವರು ಬಂದು ಕೂತು, ಹಾಗಾದರೆ ತಮ್ಮ ಪಕ್ಷದ ತಪ್ಪನ್ನು ಪ್ರಶ್ನೆ ಮಾಡಿದ ಶಾಸಕನ ಗತಿ ಏನು, ಸ್ಪೀಕರ್ ಒಂದು ಪಕ್ಷದ ಕಡೆ ವಾಲಿದರೆ ಏನು ಅಂತ ಒಂದೊಂದೇ ಕೇಳುತ್ತಾ ಹೋದರು. ನಮ್ಮ ಕರಡು ಹರಿದು ಚಿಂದಿಯಾಯಿತು. ಸರ್ಕಾರ ಬೀಳದಿರಲಿ ಅಂತ ಬರೆದ ಸಾಲು ಶಾಸಕನ ಬಾಯಿಗೇ ಬೀಗ ಹಾಕುತ್ತದೆ ಅಂತ ಅಲ್ಲಿ ಕೂತು ಬರೆದಾಗಲೇ ಗೊತ್ತಾಗಿದ್ದು. ಕೊಟ್ಟ ದುಡ್ಡು ಅಷ್ಟಕ್ಕೇ ಸರಿಹೋಯಿತು.

ಆದರೆ ಒಂದು ಒಳ್ಳೆಯ ಅವಕಾಶ ಕೈಬಿಟ್ಟರು. ಆಲೂರು ಕಡೆಯ ಹೆಂಗಸೊಬ್ಬರು ಎದ್ದು ನಿಂತು, “ಸಾರ್, ನಮ್ಮ ತೋಟಕ್ಕೆ ಆನೆ ಬರ್ತದೆ, ಕತ್ತಲಾದ್ಮೇಲೆ ಮಕ್ಳನ್ನ ಹೊರಗೆ ಬಿಡಂಗಿಲ್ಲ, ಇದು ಸ್ವಾತಂತ್ರ್ಯದ ಪ್ರಶ್ನೆ ಅಲ್ವಾ?” ಅಂದರು. “ಅದು ಅರಣ್ಯ ಇಲಾಖೆ ವಿಷಯ ಮೇಡಂ, ಇಲ್ಲಿ ಬರಲ್ಲ” ಅಂತ ಉತ್ತರ ಬಂತು. ಯಾಕೆ ಬರಲ್ಲ? ಕಾಡು, ಕಾಡುಪ್ರಾಣಿ ಎರಡೂ ಮೊದಲು ರಾಜ್ಯದ ಪಟ್ಟಿಯಲ್ಲಿ, ಅಂದರೆ ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿಯಲ್ಲಿದ್ದವು. ತುರ್ತುಪರಿಸ್ಥಿತಿ ಕಾಲದ 42ನೇ ತಿದ್ದುಪಡಿ, 1976ರಲ್ಲಿ, ಅವನ್ನು ಕೇಂದ್ರ-ರಾಜ್ಯ ಎರಡಕ್ಕೂ ಸೇರಿದ ಪಟ್ಟಿಗೆ ಹಾಕಿತು. 1978ರ 44ನೇ ತಿದ್ದುಪಡಿ ಎಷ್ಟೋ ವಿಷಯಗಳನ್ನು ಸರಿಮಾಡಿತು, ತುರ್ತುಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ ಅಂತ ಮಾಡಿತು, ಆದರೆ ಕಾಡು ರಾಜ್ಯದ ಪಟ್ಟಿಗೆ ವಾಪಸ್ ಬರಲಿಲ್ಲ. ಆ ಹೆಂಗಸಿನ ಪ್ರಶ್ನೆಯಷ್ಟು ನೇರವಾಗಿ ಸಂವಿಧಾನ ತಿದ್ದುಪಡಿಗೆ ಸೇರಿದ ಪ್ರಶ್ನೆ ದಿನವಿಡೀ ಬೇರೆ ಬರಲಿಲ್ಲ. ಅದನ್ನೇ ಒಂದು ಟೇಬಲ್ಲಿಗೆ ಕೊಡಬಹುದಿತ್ತು.

ಹೇಳಬೇಕು ಅಂದಿದ್ದರೆ ಊರಿನ ಉದಾಹರಣೆಗಳಿಗೂ ಬರ ಇರಲಿಲ್ಲ. 42ನೇ ತಿದ್ದುಪಡಿ ತಂದಿದ್ದ ಇಂದಿರಾ ಗಾಂಧಿ ಅದೇ 1978ರಲ್ಲಿ ಲೋಕಸಭೆಗೆ ಮರಳಿದ್ದು ಪಕ್ಕದ ಚಿಕ್ಕಮಗಳೂರಿನಿಂದ. ಹಾಸನ ಜಿಲ್ಲೆಯವರೇ ಆದ ದೇವೇಗೌಡರ ಸರ್ಕಾರ 1996ರಲ್ಲಿ ಮಂಡಿಸಿದ ಮಹಿಳಾ ಮೀಸಲಾತಿ ಮಸೂದೆ ಆಗ ಪಾಸಾಗಲಿಲ್ಲ, ಆ ಮೀಸಲಾತಿ 106ನೇ ತಿದ್ದುಪಡಿಯಾಗಿ ಬಂದಿದ್ದು 2023ರಲ್ಲಿ. ಸಂಸತ್ತಿನ ಹೊರಗಿಂದ ಜನರ ಒತ್ತಾಯ ಎಷ್ಟು ವರ್ಷ ಹಿಡಿದು ನಿಲ್ಲಬೇಕು ಅಂತ ತೋರಿಸಲು ಇದಕ್ಕಿಂತ ಬೇಕಾ? ಶಿಬಿರದಲ್ಲಿ ಇದ್ಯಾವುದೂ ಬರಲಿಲ್ಲ.

ಹೋಗುವವರಿಗೆ ಎರಡು ಮಾತು. ಮುಂದಿನ ಸಾಲು ಹಿಡಿಯಿರಿ, ಹಿಂದೆ ಮೈಕ್ ಕೇಳಲ್ಲ. ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದ್ದು ಬೇಕು ಅಂತ ಮೊದಲೇ ಹೇಳಿಡಿ. ಟೇಬಲ್ಲಿನ ಕರಡನ್ನು ವಾಟ್ಸಾಪಿಗೆ ಕಳಿಸ್ತೀವಿ ಅಂದಿದ್ದರು, ಇನ್ನೂ ಬಂದಿಲ್ಲ. ಬರೆದ ತಕ್ಷಣ ಅಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ.