ವಾಲ್ಕಿರೀಸ್ ಸೀಸನ್ ಟಿಕೆಟ್: ಒಂದಿಡೀ ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಗೆ ಸೇರಿದ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ತಂಡದ ಸೀಸನ್ ಟಿಕೆಟ್, ಅಂದರೆ ತವರಿನ ಎಲ್ಲ ಆಟಗಳ ಟಿಕೆಟ್, ತಗೊಂಡಾಗ ನನಗೆ ಆ ತಂಡದ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಇಂಡಿಯಾನಾ ತಂಡದಿಂದ ಕೇಟ್ಲಿನ್ ಕ್ಲಾರ್ಕ್ ಬರುತ್ತಾರೆ, ಲಾಸ್ ವೇಗಸ್ ತಂಡದಿಂದ ಏಜಾ ವಿಲ್ಸನ್ ಬರುತ್ತಾರೆ, ನಾವಿರುವ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ರೈಲು ಹತ್ತಿದರೆ ಈ ದೊಡ್ಡ ತಾರೆಯರನ್ನೆಲ್ಲ ಕಣ್ಣಾರೆ ನೋಡಬಹುದು. ಇದಿಷ್ಟೇ ನನ್ನ ಲೆಕ್ಕ. ನಮ್ಮ ತಂಡ ಹೇಗೂ ಹೊಸದು, ಸೋತರೆ ಸೋಲಲಿ ಬಿಡು ಅಂದುಕೊಂಡಿದ್ದೆ.

2023ರ ಅಕ್ಟೋಬರ್‌ನಲ್ಲಿ ತಂಡದ ಸುದ್ದಿ ಬಂದಾಗ 25 ಡಾಲರ್ ಕಟ್ಟಿ ಹೆಸರು ಬರೆಸಿದ್ದೆ. ಆಗ ತಂಡಕ್ಕೇ ಹೆಸರಿರಲಿಲ್ಲ. ಕೊನೆಗೆ ಸಿಕ್ಕಿದ್ದು ಮೇಲಿನ ಅಂತಸ್ತಿನಲ್ಲಿ ಎರಡು ಸೀಟು, ನನಗೊಂದು, ಮಗಳಿಗೊಂದು. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ನಲ್ಲಿ ಒಟ್ಟು 22 ಆಟ. ನಾವು ಹೋಗಿದ್ದು 17ಕ್ಕೆ.

ಈ ತಂಡವನ್ನು ಕಟ್ಟಿದ ರೀತಿ ಗೊತ್ತಿದ್ದರೆ ನನ್ನ ಅಸಡ್ಡೆಗೆ ಕಾರಣ ತಿಳಿಯುತ್ತೆ. 2024ರ ಡಿಸೆಂಬರ್‌ನಲ್ಲಿ ಆಗ ಇದ್ದ 12 ತಂಡಗಳು ತಮಗೆ ಬೇಕಾದ ಆರಾರು ಆಟಗಾರ್ತಿಯರನ್ನು ಇಟ್ಟುಕೊಂಡವು. ಮಿಕ್ಕವರಲ್ಲಿ ಒಂದೊಂದು ತಂಡದಿಂದ ಒಬ್ಬೊಬ್ಬರನ್ನು ಮಾತ್ರ ವಾಲ್ಕಿರೀಸ್ ಆರಿಸಿಕೊಳ್ಳಬಹುದಿತ್ತು. ಮದುವೆ ಮನೆಯಲ್ಲಿ ಕಡೇ ಪಂಕ್ತಿಗೆ ಕೂತ ಹಾಗೆ. ಹೋಳಿಗೆ ಉಳಿದಿದ್ದರೆ ಅದೃಷ್ಟ, ಇಲ್ಲದಿದ್ದರೆ ಅನ್ನ ಸಾರು.

ಮೇ 16ರ ಮೊದಲ ಆಟದಲ್ಲಿ ಅನ್ನ ಸಾರೂ ಸಿಗಲಿಲ್ಲ. ಲಾಸ್ ಏಂಜಲೀಸ್ ಸ್ಪಾರ್ಕ್ಸ್ 84, ನಾವು 67. ಕೆಲ್ಸಿ ಪ್ಲಮ್ ಒಬ್ಬರೇ 37 ಪಾಯಿಂಟ್ ಹೊಡೆದರು. 18,064 ಸೀಟೂ ತುಂಬಿದ್ದವು, ಎಲ್ಲಿ ನೋಡಿದರೂ ನೇರಳೆ ಬಣ್ಣ, ಕಿವಿ ಗುಂಯ್‌ಗುಡುವಷ್ಟು ಕೂಗು. ವಾಪಸ್ ರೈಲಿನಲ್ಲಿ ನಾನು ಫೋನ್ ತೆಗೆದು ಯಾವ್ಯಾವ ಆಟದ ಟಿಕೆಟ್ ಮಾರಬಹುದು ಅಂತ ನೋಡುತ್ತಿದ್ದೆ.

ಐದು ದಿನ ಬಿಟ್ಟು ವಾಷಿಂಗ್ಟನ್ ಮಿಸ್ಟಿಕ್ಸ್ ಬಂದಿತ್ತು. 76-74ರಲ್ಲಿ ಗೆದ್ದೆವು, ತಂಡದ ಮೊಟ್ಟಮೊದಲ ಗೆಲುವು. ಆವತ್ತೇ ನಾನು ವೆರೋನಿಕಾ ಬರ್ಟನ್ ಅವರನ್ನು ಸರಿಯಾಗಿ ನೋಡಿದ್ದು. 22 ಪಾಯಿಂಟ್ ಗಳಿಸಿದರು ನಿಜ. ಆದರೆ ನನ್ನ ಕಣ್ಣು ನೆಟ್ಟಿದ್ದು ಅವರ ಕಾಲಿನ ಮೇಲೆ. ಮೈಸೂರಿನಲ್ಲಿ ಸ್ಕೂಲ್ ಟೀಮಿಗೆ ಆಡುವಾಗ ನಾನು ಬುಟ್ಟಿಗೆ ಚೆಂಡು ಹಾಕಿದ್ದು ಅಷ್ಟಕ್ಕಷ್ಟೇ, ನನ್ನನ್ನು ಆಡಿಸುತ್ತಿದ್ದದ್ದೇ ಎದುರಿನವರನ್ನು ತಡೆಯೋದಕ್ಕೆ. ಹಾಗಾಗಿ ಈ ಕೆಲಸದ ಕಷ್ಟ ಗೊತ್ತು. ಬರ್ಟನ್ ಕೈ ಬೀಸೋದಿಲ್ಲ. ಸೊಂಟ ತಗ್ಗಿಸಿ, ಎದುರಿನವರು ಹೋಗಬೇಕು ಅಂದುಕೊಂಡ ಜಾಗಕ್ಕೆ ಒಂದು ಹೆಜ್ಜೆ ಮೊದಲೇ ಹೋಗಿ ನಿಂತಿರುತ್ತಾರೆ.

ಇಲ್ಲಿ ಮೇಲಿನ ಸೀಟಿನ ಬೆಲೆ ಗೊತ್ತಾಗೋದು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ. ಮೇಲಿಂದ ನೋಡಿದರೆ ಚೌಕಾಬಾರದ ಮನೆ ನೋಡಿದ ಹಾಗೆ, ಹತ್ತೂ ಜನ ಒಟ್ಟಿಗೆ ಕಾಣುತ್ತಾರೆ. ಒಬ್ಬರು ದಾಟಿಕೊಂಡು ಒಳಗೆ ನುಗ್ಗಿದರೆ ಪಕ್ಕದವರು ಜಾಗ ಬಿಟ್ಟು ಅಡ್ಡ ಬರುತ್ತಾರೆ, ಅವರು ಬಿಟ್ಟ ಜಾಗಕ್ಕೆ ಮತ್ತೊಬ್ಬರು ಸರಿಯುತ್ತಾರೆ. ಚೆಂಡು ಸಿಕ್ಕ ಮೇಲೆ ಬುಟ್ಟಿಗೆ ಎಸೆಯಲು ಎದುರು ತಂಡಕ್ಕೆ ಇರುವುದೇ 24 ಸೆಕೆಂಡ್. ಅದರಲ್ಲಿ 18 ಹೀಗೇ ಕಳೆದುಹೋಗುತ್ತೆ, ಕೊನೆಗೆ ಎಲ್ಲಿಂದಲೋ ಒಂದು ಕೆಟ್ಟ ಎಸೆತ. ಇದನ್ನು ನೋಡಿ ಎದ್ದು ನಿಂತು ಕೂಗುವುದನ್ನು ನಾನು ಜೂನ್ ಹೊತ್ತಿಗೆ ಕಲಿತೆ. ಕೋಚ್ ನಟಾಲಿ ನಾಕಾಸೆ ಲಾಸ್ ವೇಗಸ್‌ನಲ್ಲಿ ಸಹಾಯಕರಾಗಿದ್ದು ಎರಡು ಚಾಂಪಿಯನ್‌ಷಿಪ್ ಕಂಡವರು. ಅದೇ ಲಾಸ್ ವೇಗಸ್ ಜೂನ್ 7ಕ್ಕೆ ಇಲ್ಲಿಗೆ ಬಂದು 95-68ರಲ್ಲಿ ಸೋತು ಹೋಯಿತು.

ಜೂನ್ 19ಕ್ಕೆ ಇಂಡಿಯಾನಾ. ನಾನು ಟಿಕೆಟ್ ಕೊಂಡಿದ್ದೇ ಈ ಆಟಕ್ಕೆ ಅನ್ನಬಹುದು. ಕ್ಲಾರ್ಕ್ ಏಳು ಸಲ ದೂರದಿಂದ ಎಸೆದರು, ಒಂದೂ ಬೀಳಲಿಲ್ಲ. 11 ಪಾಯಿಂಟಿಗೇ ಅವರ ಆಟ ಮುಗಿಯಿತು, ನಾವು 88-77ರಲ್ಲಿ ಗೆದ್ದೆವು. ಬೇಜಾರಾಗಬೇಕಿತ್ತು ನನಗೆ. ಒಂದು ಚೂರೂ ಆಗಲಿಲ್ಲ.

ಅಮ್ಮ ಆಗ ಮೈಸೂರಿಂದ ಬಂದಿದ್ದರು. ಈ ಲೀಗ್ ನಡೆಯೋದು ಬೇಸಿಗೆಯಲ್ಲಿ, ಅಪ್ಪ ಅಮ್ಮಂದಿರು ಇಲ್ಲಿಗೆ ಬರೋದೂ ಬೇಸಿಗೆಯಲ್ಲಿ. ಹಿರಿಯರನ್ನು ಬೇಕರಿ, ದೇವಸ್ಥಾನ, ಔಟ್‌ಲೆಟ್ ಮಾಲ್ ಅಂತ ಸುತ್ತಿಸಿ ಸುಸ್ತಾದವರು ಇದನ್ನು ಗಮನಿಸಿ. ಎರಡನೇ ಆಟಕ್ಕೇ ಅಮ್ಮನಿಗೆ ಎಲ್ಲ ಅರ್ಥವಾಗಿತ್ತು, ತಮ್ಮದೇ ಭಾಷೆಯಲ್ಲಿ. "ಪಾಪ, ಕಟ್ಟೆ ಸಿಗದೆ ಒದ್ದಾಡ್ತಿದಾಳೆ ನೋಡೇ ಆ ಹುಡುಗಿ" ಅನ್ನುತ್ತಿದ್ದರು. ಕಿವಿಗೆ ಹತ್ತಿ ಅವರೇ ತರುತ್ತಿದ್ದರು, ನಾವೂ ತಗೊಳ್ಳುತ್ತಿದ್ದೆವು. ಚಿತ್ರಾನ್ನ ರೈಲಿನಲ್ಲೇ ಮುಗಿಸಿಬಿಡುತ್ತಿದ್ದೆವು. ನಿಲ್ದಾಣದಿಂದ ಸೇತುವೆ ದಾಟಿ ನಡೆದರೆ ಇಪ್ಪತ್ತು ನಿಮಿಷ. ಅಮ್ಮ ಇದ್ದ ದಿನ ಟ್ರಾಮ್, ಆಟದ ಟಿಕೆಟ್ ತೋರಿಸಿದರೆ ಅದಕ್ಕೆ ಬೇರೆ ದುಡ್ಡಿಲ್ಲ. ಕಾರು ಮಾತ್ರ ತರಬೇಡಿ.

ನಾವು ಹೋಗದ ಐದು ಆಟಗಳಲ್ಲಿ ಎರಡನ್ನು ಗೆಳತಿಯರಿಗೆ ಕೊಟ್ಟೆ, ಎರಡನ್ನು ಮಾರಿದೆ. ಇನ್ನೊಂದು ಯಾವುದೋ ಮರುಮಾರಾಟದ ಆ್ಯಪಿನಲ್ಲಿ ಸಿಕ್ಕಿಹಾಕಿಕೊಂಡು, ನನಗೂ ಇಲ್ಲ ಕೊಂಡವರಿಗೂ ಇಲ್ಲ ಅಂತಾಯಿತು. ಆಟದ ಹಿಂದಿನ ದಿನ ಮಾರಲು ಹೋಗಬೇಡಿ, ವಾರ ಮೊದಲೇ ಮಾರಿ.

ಈಗ ನನ್ನ ತಕರಾರು. ಜೂನ್‌ನಲ್ಲಿ ಯುರೋಪಿನ ಮಹಿಳಾ ಚಾಂಪಿಯನ್‌ಷಿಪ್ ಇತ್ತು. ನಮ್ಮಲ್ಲಿ ಅಲ್ಲಿಯವರು ಜಾಸ್ತಿ. ಇಟಲಿಯ ಚೆಚೀಲಿಯಾ ಝಂದಲಾಸಿನಿ, ಫ್ರಾನ್ಸ್‌ನ ಜಾನೆಲ್ ಸಲಾವುನ್, ಬೆಲ್ಜಿಯಂನ ಜೂಲಿ ವಾನ್ಲೂ ಎಲ್ಲ ಸೀಸನ್ ಮಧ್ಯೆಯೇ ತಮ್ಮ ದೇಶಕ್ಕೆ ಆಡಲು ಹೋದರು. ಅದರಲ್ಲಿ ತಪ್ಪಿಲ್ಲ. ಬೆಲ್ಜಿಯಂ ಗೆದ್ದಿತು. ವಾನ್ಲೂ ಚಿನ್ನದ ಪದಕದೊಂದಿಗೆ ವಾಪಸ್ ಬಂದರು. ಬಂದ ಕೂಡಲೇ ತಂಡ ಅವರನ್ನು ಕೈಬಿಟ್ಟಿತು. ನನ್ನ ಮಗಳು ಮೊದಲ ವಾರವೇ ಹಟ ಮಾಡಿ ಕೊಡಿಸಿಕೊಂಡದ್ದು ವಾನ್ಲೂ ಹೆಸರಿನ ಅಂಗಿ. "ಬೇರೆಯವರು ಬೇಡ ಅಂದವರನ್ನೇ ತಾನೇ ಅಮ್ಮಾ ಇವರು ತಗೊಂಡಿದ್ದು? ಈಗ ಇವರೂ ಬೇಡ ಅಂದ್ರಾ?" ಅಂತ ಕೇಳಿದಳು. ಒಂದು ತಂಡದಲ್ಲಿ 12 ಜನಕ್ಕಷ್ಟೇ ಜಾಗ, ಸಂಬಳಕ್ಕೆ ಮಿತಿ ಇದೆ, ಅಂತೆಲ್ಲ ಹೇಳಿದೆ. ಹೇಳುವಾಗ ನನಗೇ ಸಪ್ಪೆ ಅನ್ನಿಸಿತು. ಬರ್ಟನ್ ಅವರನ್ನೂ 2024ರಲ್ಲಿ ಡಲ್ಲಾಸ್ ಹೀಗೇ ಬಿಟ್ಟಿತ್ತು. ಆಮೇಲೆ ಆ ವರ್ಷ ಕನೆಟಿಕಟ್ ತಂಡದಲ್ಲಿ ಆಟಕ್ಕೆ ಅವರ ಸರಾಸರಿ ಸುಮಾರು 3 ಪಾಯಿಂಟ್, ಇಲ್ಲಿ ಸುಮಾರು 12. ಲೀಗ್‌ನಲ್ಲೇ ಅತಿ ಹೆಚ್ಚು ಸುಧಾರಿಸಿದ ಆಟಗಾರ್ತಿ ಅಂತ ಪ್ರಶಸ್ತಿಯೂ ಬಂತು.

ಸಂಬಳದ ಮಾತು ಬಂತಲ್ಲ. 2025ರಲ್ಲಿ ಈ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 66,079 ಡಾಲರ್. ಈ ಊರಿನ ಬಾಡಿಗೆ ಕಟ್ಟುವವರಿಗೆ ಅದು ಎಷ್ಟು ದಿನ ಬರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಾಲೀಕರು 5 ಕೋಟಿ ಡಾಲರ್ ಕೊಟ್ಟು ಪಡೆದ ತಂಡ ಆಡಲು ಶುರು ಮಾಡಿದ ಕೆಲವೇ ವಾರಕ್ಕೆ 50 ಕೋಟಿ ಬಾಳುತ್ತೆ ಅಂತ ಅಂದಾಜು ಬಂತು. ಲೀಗ್‌ನ ಆಯ್ದ ಆಟಗಾರ್ತಿಯರಷ್ಟೇ ಆಡುವ ಜುಲೈನ ಆಲ್ ಸ್ಟಾರ್ ಆಟದ ದಿನ ಆಟಗಾರ್ತಿಯರೆಲ್ಲ ನಮಗೆ ಸಲ್ಲಬೇಕಾದ್ದು ಕೊಡಿ ಅಂತ ಬರೆದ ಟೀಶರ್ಟ್ ಹಾಕಿ ಬಂದದ್ದು ಸುಮ್ನೆ ಅಲ್ಲ. ನಮ್ಮ ಕೇಲಾ ಥಾರ್ನ್‌ಟನ್ ಆ ಆಟದಲ್ಲಿದ್ದರು, ಈ ತಂಡದ ಮೊದಲ ಆಲ್ ಸ್ಟಾರ್. ಅದೇ ತಿಂಗಳು ಅಭ್ಯಾಸದಲ್ಲಿ ಮಂಡಿಗೆ ಪೆಟ್ಟಾಗಿ ಅವರ ಸೀಸನ್ನೇ ಮುಗಿಯಿತು. ಆಮೇಲೆ ಮುಗೀತು ಕಥೆ ಅಂದುಕೊಂಡೆ, ಎರಡನೇ ಸಲ ತಪ್ಪು ಲೆಕ್ಕ.

ಸೆಪ್ಟೆಂಬರ್ 4ಕ್ಕೆ ಡಲ್ಲಾಸ್ ವಿರುದ್ಧ 84-80. ಪ್ಲೇಆಫ್, ಅಂದರೆ ಚಾಂಪಿಯನ್‌ಷಿಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳು, ಖಾತ್ರಿ. ಮೊದಲ ವರ್ಷವೇ ಅಲ್ಲಿವರೆಗೆ ಹೋದ ಹೊಸ ತಂಡ ಈ ಲೀಗ್‌ನಲ್ಲಿ ಹಿಂದೆ ಇರಲಿಲ್ಲ. ಒಟ್ಟು 23 ಗೆಲುವು, 21 ಸೋಲು. ನಾಕಾಸೆ ವರ್ಷದ ಕೋಚ್ ಆದರು.

ಆದರೆ ಪ್ಲೇಆಫ್ ಹೊತ್ತಿಗೆ ಚೇಸ್ ಸೆಂಟರ್ ಖಾಲಿ ಇರಲಿಲ್ಲ, ಲೇವರ್ ಕಪ್ ಟೆನಿಸ್‌ಗೆ ಮೊದಲೇ ಬುಕ್ ಆಗಿತ್ತು. 22 ಆಟಕ್ಕೂ ಮನೆ ತುಂಬಿಸಿದ ಜನ, ಅಸಲಿ ಹಬ್ಬದ ದಿನ ಬೇರೆಯವರ ಚಪ್ಪರಕ್ಕೆ ಹೋಗಬೇಕಾಯಿತು. ಸ್ಯಾನ್ ಹೋಸೆಯ ಎಸ್‌ಎಪಿ ಸೆಂಟರ್. ನಮಗೆ ಅದು ಹತ್ತಿರ, ಹಾಗಾಗಿ ನಾನು ಜಾಸ್ತಿ ಬೈಯಲಾರೆ. ಮಿನೆಸೋಟ ಲಿಂಕ್ಸ್ ಮೊದಲ ಆಟವನ್ನು ಅವರೂರಲ್ಲಿ 101-72ರಲ್ಲಿ ಗೆದ್ದಿತ್ತು. ಎರಡನೆಯದರಲ್ಲಿ ನಾವು 17 ಪಾಯಿಂಟ್ ಮುಂದಿದ್ದೆವು. ಸೋತಿದ್ದು 75-74. ಕೊನೆಯ ಎಸೆತ ಬೀಳದೆ ಹೋದಾಗ ಯಾರೂ ಎದ್ದು ಹೊರಡಲಿಲ್ಲ, ಸುಮಾರು ಹೊತ್ತು ಚಪ್ಪಾಳೆ ನಡೆಯಿತು. ಮಗಳು ವಾನ್ಲೂ ಅಂಗಿಯಲ್ಲೇ ಬಂದಿದ್ದಳು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕೆ ಅಂತ ಆ ಅಂಗಿ ಹೇಳುತ್ತೆ. ಒಂದೆರಡು ದೊಡ್ಡ ಹೆಸರು ನೋಡಿದರೆ ಸಾಕು ಅನ್ನುವವರು ಆ ಎರಡು ದಿನದ ಟಿಕೆಟ್ ಮಾತ್ರ ಕೊಳ್ಳಿ, ಇದು ದುಬಾರಿ. 2026ಕ್ಕೂ ನಾನು ದುಡ್ಡು ಕಟ್ಟಿಯಾಗಿದೆ. 2026ರ ಹೊಸ ತಂಡಗಳು ಟೊರೊಂಟೊ, ಪೋರ್ಟ್‌ಲೆಂಡ್, ಈ ಸಲ ಕಡೇ ಪಂಕ್ತಿ ಅವರದು. ಅಂದರೆ ನಮ್ಮವರ ಮೇಲೂ ಕಣ್ಣು ಬೀಳಬಹುದು. ಇದನ್ನು ಮೈಸೂರಿಗೆ ಫೋನ್ ಮಾಡಿದಾಗ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬರ್ಟನ್ ಹುಡುಗೀನ ಬಿಡಲ್ಲ ತಾನೇ?" ಅಂದರು.